ಕೊಕ್ಕಿನ ಅಳತೆಯಲ್ಲಿ ಒಂದು ದ್ವೀಪದ ಚರಿತ್ರೆ

1977ರಲ್ಲಿ ಡ್ಯಾಫ್ನಿ ಮೇಜರ್ ದ್ವೀಪಕ್ಕೆ ಮಳೆ ಕೈಕೊಟ್ಟಿತು. ಹಿಂದಿನ ಮಳೆಗಾಲದಲ್ಲಿ ನೂರಕ್ಕೂ ಹೆಚ್ಚು ಮಿಲಿಮೀಟರ್ ಸುರಿದಿದ್ದ ಕಡೆ ಆ ವರ್ಷ ಬಿದ್ದದ್ದು ಬರೀ 24 ಮಿಲಿಮೀಟರ್. ಬಳ್ಳಿ ಹಬ್ಬಲಿಲ್ಲ, ಗಿಡಗಳು ಹೂ ಕಟ್ಟಲಿಲ್ಲ, ಹೊಸ ಬೀಜ ನೆಲಕ್ಕೆ ಉದುರಲಿಲ್ಲ. ಹಿಂದಿನ ವರ್ಷದ ಬೀಜಗಳನ್ನೇ ಕೆದಕಿ ಹೆಕ್ಕಿ ತಿನ್ನುತ್ತ ಮಧ್ಯಮ ನೆಲ ಫಿಂಚ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿಗಳು ದಿನ ದೂಡಿದವು. 1976ರಲ್ಲಿ ದ್ವೀಪದ ಮೇಲೆ ಅವು ಸುಮಾರು 1200 ಇದ್ದವು. ಮತ್ತೆ ಮಳೆ ಕಂಡದ್ದು 1978ರ ಆರಂಭದಲ್ಲಿ. ಆ ಹೊತ್ತಿಗೆ ಉಳಿದಿದ್ದವು 180ರ ಆಸುಪಾಸು.

ಬರಗಾಲದಲ್ಲಿ ಹಕ್ಕಿಗಳು ಸಾಯುವುದು ಹೊಸದೇನಲ್ಲ. ಜಗತ್ತಿನ ಎಷ್ಟೋ ದ್ವೀಪಗಳಲ್ಲಿ, ಎಷ್ಟೋ ಒಣಭೂಮಿಗಳಲ್ಲಿ ಇಂಥ ಸಾವುಗಳು ಯಾರ ಕಣ್ಣಿಗೂ ಬೀಳದೆ ಆಗಿಹೋಗಿವೆ. ಆದರೆ ಡ್ಯಾಫ್ನಿಯಲ್ಲಿ ಸತ್ತ ಹಕ್ಕಿಗಳಲ್ಲಿ ಬಹುಪಾಲಿನವುಗಳ ಕಾಲಿಗೆ ಉಂಗುರವಿತ್ತು. ಪ್ರತಿ ಉಂಗುರಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಯ ಮುಂದೆ ಆ ಹಕ್ಕಿಯ ತೂಕ, ರೆಕ್ಕೆಯ ಉದ್ದ, ಕೊಕ್ಕಿನ ಉದ್ದ, ದಪ್ಪ, ಅಗಲ. ಅಳತೆಗಳೆಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಬರೆದಿಟ್ಟವು. ಹೀಗಾಗಿ ಸತ್ತವು ಯಾವುವು, ಬದುಕಿದವು ಯಾವುವು, ಎರಡಕ್ಕೂ ಇದ್ದ ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಕಾಡಿನ ಹಕ್ಕಿಗಳ ಮಟ್ಟಿಗೆ ಹಿಂದೆಂದೂ ಸಿಗದಷ್ಟು ಸ್ಪಷ್ಟವಾದ ಉತ್ತರ ಅಲ್ಲಿ ಸಿಕ್ಕಿತು.

ದಕ್ಷಿಣ ಅಮೆರಿಕದ ಎಕ್ವಡಾರ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಡ್ಯಾಫ್ನಿಯೂ ಸೇರಿರುವ ಗಲಪಗೋಸ್ ದ್ವೀಪಸಮೂಹವಿದೆ. ಎಲ್ಲವೂ ಕಡಲಡಿಯ ಜ್ವಾಲಾಮುಖಿಗಳಿಂದ ಎದ್ದ ದ್ವೀಪಗಳು. ಯಾವುದೂ ಎಂದೂ ಖಂಡಕ್ಕೆ ಅಂಟಿಕೊಂಡಿರಲಿಲ್ಲ. ಆದ್ದರಿಂದ ಅಲ್ಲಿರುವ ಪ್ರತಿ ಜೀವಿಯೂ ಹಾರಿಕೊಂಡೋ, ತೇಲಿಕೊಂಡೋ, ಗಾಳಿಗೆ ಸಿಕ್ಕಿಯೋ ಬಂದದ್ದು. ಈ ಪ್ರಯಾಣ ಎಲ್ಲರಿಗೂ ಸಾಧ್ಯವಾಗುವಂಥದ್ದಲ್ಲ. ಉಪ್ಪುನೀರು ತಾಳದ ಕಪ್ಪೆಗಳಿಗೆ ಆಗಲಿಲ್ಲ. ನೆಲದ ಸಸ್ತನಿಗಳಲ್ಲಿ ಇಲಿಗಳ ವಿನಾ ಬೇರೆ ಯಾವುದಕ್ಕೂ ಆಗಲಿಲ್ಲ. ಜಿಂಕೆಯೋ ದನವೋ ಮೇಯಬೇಕಾದ ಹುಲ್ಲನ್ನು ಅಲ್ಲಿ ಮೇಯುವುದು ದೈತ್ಯ ಆಮೆ.

ದ್ವೀಪದ ಬದುಕಿನ ಮೊದಲ ಗುಣವೇ ಇದು. ಬಂದವರು ಕೆಲವರು, ಮಾಡಬೇಕಾದ ಕೆಲಸಗಳು ಹಲವು. ಕಾಡಿನಲ್ಲಿ ಒಂದು ಪ್ರಾಣಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾರೊಂದಿಗೆ ಹಂಚಿಕೊಳ್ಳುತ್ತದೆ, ಯಾರಿಗೆ ಆಹಾರವಾಗುತ್ತದೆ ಎಂಬುದನ್ನೆಲ್ಲ ಸೇರಿಸಿ ಜೀವವಿಜ್ಞಾನಿಗಳು ಅದರ ನೆಲೆ ಎಂದು ಕರೆಯುತ್ತಾರೆ. ಖಂಡದ ಮೇಲೆ ಹೆಚ್ಚಿನ ನೆಲೆಗಳಿಗೆ ಹಳೆಯ ಒಡೆಯರಿರುತ್ತಾರೆ. ಗಲಪಗೋಸ್‌ನಲ್ಲಿ ಅವು ಖಾಲಿ ಬಿದ್ದಿದ್ದವು. ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಖಂಡದಿಂದ ಬಂದ ಒಂದು ಸಣ್ಣ ಹಕ್ಕಿಯ ಸಂತತಿ ಈ ಖಾಲಿ ಜಾಗಗಳಿಗೆಲ್ಲ ಹರಡಿಕೊಂಡಿತು. ಮರಕುಟಿಗ ಇಲ್ಲದ ಕಡೆ ಒಂದು ಫಿಂಚ್ ಪಾಪಾಸುಕಳ್ಳಿಯ ಮುಳ್ಳನ್ನೋ ಸಣ್ಣ ಕಡ್ಡಿಯನ್ನೋ ಕೊಕ್ಕಲ್ಲಿ ಹಿಡಿದು ಮರದ ಬಿರುಕಿನಿಂದ ಹುಳು ಕೀಳುವುದನ್ನು ಕಲಿತಿದೆ. ಇನ್ನೊಂದು ಎಲೆ, ಮೊಗ್ಗು ತಿಂದೇ ಬದುಕುತ್ತದೆ. ಮತ್ತೊಂದು ಸಪೂರ ಕೊಕ್ಕಿನಿಂದ ಕೀಟ ಹಿಡಿಯುತ್ತದೆ. ದೂರದ ವುಲ್ಫ್ ಮತ್ತು ಡಾರ್ವಿನ್ ದ್ವೀಪಗಳಲ್ಲಿ ಒಂದು ಫಿಂಚ್ ದೊಡ್ಡ ಕಡಲಹಕ್ಕಿಗಳ ರೆಕ್ಕೆಯ ಬುಡವನ್ನು ಕುಕ್ಕಿ ರಕ್ತವನ್ನೇ ಕುಡಿಯುತ್ತದೆ. ಇವೆಲ್ಲ ಒಂದೇ ಮೂಲದ ಸೋದರಸಂಬಂಧಿಗಳು.

1835ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿಳಿದಾಗ ಅವರಿಗೆ 26 ವರ್ಷ. ಐದು ವಾರ ಸುತ್ತಾಡಿದರು. ಫಿಂಚ್‌ಗಳನ್ನು ಹೊಡೆದು ಸಂಗ್ರಹಿಸಿದರು, ಆದರೆ ಯಾವ ಹಕ್ಕಿ ಯಾವ ದ್ವೀಪದ್ದು ಎಂಬ ಚೀಟಿಯನ್ನು ಸರಿಯಾಗಿ ಅಂಟಿಸಲಿಲ್ಲ. ಅವು ಒಂದೇ ಬಳಗದ ಹಕ್ಕಿಗಳು ಎಂದು ಕಂಡುಹಿಡಿದವರು ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್, 1837ರ ಜನವರಿಯಲ್ಲಿ. ಡಾರ್ವಿನ್ ಮುಂದೆ ಬರೆದ ಮಹಾಗ್ರಂಥದಲ್ಲಿ ಈ ಫಿಂಚ್‌ಗಳ ಕಥೆ ಬರುವುದೇ ಇಲ್ಲವೆನ್ನಬಹುದು. ನಿಸರ್ಗದ ಆಯ್ಕೆ ಎಷ್ಟು ನಿಧಾನವೆಂದರೆ ಅದು ನಡೆಯುತ್ತಿರುವುದನ್ನು ಮನುಷ್ಯ ತನ್ನ ಆಯುಷ್ಯದಲ್ಲಿ ಕಾಣಲಾರ ಎಂದೇ ಅವರು ನಂಬಿದ್ದರು.

ಫಿಂಚ್‌ಗಳಿಗೆ ಅವುಗಳ ಇಂದಿನ ಕೀರ್ತಿ ತಂದುಕೊಟ್ಟವರು ಡೇವಿಡ್ ಲ್ಯಾಕ್ ಎಂಬ ಇಂಗ್ಲಿಷ್ ಶಾಲಾ ಮಾಸ್ತರರು. 1938ರ ಕೊನೆಯಲ್ಲಿ ಅವರು ಗಲಪಗೋಸ್‌ಗೆ ಬಂದು ಕೆಲವು ತಿಂಗಳು ಇದ್ದರು. ಅದು ಮಳೆಗಾಲ. ಎಲ್ಲೆಲ್ಲೂ ಆಹಾರವಿತ್ತು, ಎಲ್ಲ ಬಗೆಯ ನೆಲ ಫಿಂಚ್‌ಗಳೂ ಹೆಚ್ಚುಕಡಿಮೆ ಅದನ್ನೇ ತಿನ್ನುತ್ತಿದ್ದವು. ಹಾಗಾದರೆ ಕೊಕ್ಕುಗಳು ಬೇರೆಬೇರೆ ಗಾತ್ರದವಾಗಿರುವುದು ಹಕ್ಕಿಗಳು ತಮ್ಮ ಜಾತಿಯ ಸಂಗಾತಿಯನ್ನು ಗುರುತಿಸಲಿಕ್ಕೆ ಇರಬೇಕು ಎಂದು ಲ್ಯಾಕ್ ಮೊದಲು ತೀರ್ಮಾನಿಸಿದರು. ಊರಿಗೆ ಮರಳಿ ವಸ್ತುಸಂಗ್ರಹಾಲಯಗಳಲ್ಲಿದ್ದ ಸಾವಿರಾರು ಹಕ್ಕಿಗಳ ಕೊಕ್ಕಿನ ಅಳತೆಗಳನ್ನು ಮುಂದಿಟ್ಟುಕೊಂಡು ಕೂತಾಗ ಅವರ ಅಭಿಪ್ರಾಯ ಬದಲಾಯಿತು. 1947ರಲ್ಲಿ ಬಂದ 'ಡಾರ್ವಿನ್ಸ್ ಫಿಂಚಸ್' ಪುಸ್ತಕದಲ್ಲಿ ಅವರು ಬೇರೆಯದೇ ಮಾತು ಹೇಳಿದರು.

ಆ ಮಾತಿನ ಬೀಜ ಇರುವುದು ಒಂದು ಚಿಕ್ಕ ಗಮನಿಕೆಯಲ್ಲಿ. ಸಾಂತಾ ಕ್ರೂಜ್‌ನಂಥ ದೊಡ್ಡ ದ್ವೀಪದಲ್ಲಿ ಸಣ್ಣ ನೆಲ ಫಿಂಚ್ ಮತ್ತು ಮಧ್ಯಮ ನೆಲ ಫಿಂಚ್ ಎರಡೂ ಇವೆ. ಅಲ್ಲಿ ಎರಡರ ಕೊಕ್ಕುಗಳ ನಡುವೆ ಎದ್ದುಕಾಣುವ ಅಂತರವಿದೆ. ಡ್ಯಾಫ್ನಿಯಲ್ಲಿ ಸಣ್ಣ ಫಿಂಚ್ ನೆಲೆನಿಂತಿಲ್ಲ. ಅಲ್ಲಿನ ಮಧ್ಯಮ ಫಿಂಚ್‌ನ ಕೊಕ್ಕು ಚಿಕ್ಕದು. ಲಾಸ್ ಎರ್ಮಾನೋಸ್ ಎಂಬ ಕಿರುದ್ವೀಪಗಳಲ್ಲಿ ಮಧ್ಯಮ ಫಿಂಚ್ ಇಲ್ಲ. ಅಲ್ಲಿನ ಸಣ್ಣ ಫಿಂಚ್‌ನ ಕೊಕ್ಕು ಬೇರೆಡೆಗಿಂತ ದೊಡ್ಡದು. ಅಂದರೆ ನೆರೆಯವನಿದ್ದರೆ ದೂರ ಸರಿಯುವುದು, ಇಲ್ಲದಿದ್ದರೆ ಅವನ ಜಾಗಕ್ಕೂ ಕಾಲು ಚಾಚುವುದು. ಕೊಕ್ಕನ್ನು ತೀರ್ಮಾನಿಸುವುದು ಆಹಾರ, ಆಹಾರದ ಪಾಲನ್ನು ತೀರ್ಮಾನಿಸುವುದು ನೆರೆಹೊರೆ ಎಂದು ಲ್ಯಾಕ್ ವಾದಿಸಿದರು.

ವಾದ ಸೊಗಸಾಗಿತ್ತು. ಆದರೆ ನಡೆಯುವುದನ್ನು ಯಾರೂ ನೋಡಿರಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಕಾಣುವ ಈ ವ್ಯತ್ಯಾಸಗಳು ಕೇವಲ ಆಕಸ್ಮಿಕವಾಗಿ ಯಾಕೆ ಬಂದಿರಬಾರದು ಎಂದು 1979ರಲ್ಲಿ ಡೊನಾಲ್ಡ್ ಸ್ಟ್ರಾಂಗ್, ಡ್ಯಾನಿಯಲ್ ಸಿಂಬರ್ಲಾಫ್ ಮೊದಲಾದವರು ಲೆಕ್ಕ ಹಾಕಿ ಪ್ರಶ್ನಿಸಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಉತ್ತರ ಸಿಗಬೇಕಾದರೆ ಒಂದು ದ್ವೀಪದ ಹಕ್ಕಿಗಳನ್ನು ಒಂದೊಂದಾಗಿ ಗುರುತು ಹಿಡಿದು, ಅವುಗಳ ಮಕ್ಕಳು ಮೊಮ್ಮಕ್ಕಳನ್ನೂ ಬಿಡದೆ, ವರ್ಷಗಟ್ಟಲೆ ನೋಡುತ್ತ ಕೂರಬೇಕಿತ್ತು.

ಆ ಕೆಲಸಕ್ಕೆ ಆಗಲೇ ಇಬ್ಬರು ಕೈಹಾಕಿದ್ದರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಗ್ರಾಂಟ್ ಮತ್ತು ಅವರ ಪತ್ನಿ ರೋಸ್‌ಮರಿ ಗ್ರಾಂಟ್ 1973ರಲ್ಲಿ ಮೊದಲ ಸಲ ಡ್ಯಾಫ್ನಿಗೆ ಬಂದರು. ಈ ದ್ವೀಪವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಸಾಂತಾ ಕ್ರೂಜ್‌ನಿಂದ 8 ಕಿಲೋಮೀಟರ್ ದೂರದ ಡ್ಯಾಫ್ನಿಯ ವಿಸ್ತೀರ್ಣ 34 ಹೆಕ್ಟೇರ್. ಎಕರೆ ಲೆಕ್ಕದಲ್ಲಿ ಸುಮಾರು 84. ನಮ್ಮ ಬಯಲುಸೀಮೆಯ ಒಂದು ಮಧ್ಯಮ ಕೆರೆಯ ಅಂಗಳದಷ್ಟು ಜಾಗ. ಅಲ್ಲಿ ಮನುಷ್ಯರಿಲ್ಲ, ಅವರ ಜೊತೆ ಬರುವ ಬೆಕ್ಕು, ಮೇಕೆಗಳಿಲ್ಲ. ಹಕ್ಕಿಗಳನ್ನು ಒಂದೂ ಬಿಡದಂತೆ ಎಣಿಸುವುದು ಸಾಧ್ಯ. ಅವು ಬೇರೆ ಕಡೆ ಹಾರಿಹೋಗುವುದೂ ಅಪರೂಪ. ಕಾಣೆಯಾದ ಹಕ್ಕಿ ಬಹುತೇಕ ಸತ್ತಿದೆಯೆಂದೇ ಅರ್ಥ.

ಸಾಧ್ಯ ಎಂದ ಮಾತ್ರಕ್ಕೆ ಸುಲಭವಲ್ಲ. ಡ್ಯಾಫ್ನಿಗೆ ದಡವಿಲ್ಲ. ಸುತ್ತಲೂ ಕಡಿದಾದ ಬಂಡೆ. ಚಿಕ್ಕ ದೋಣಿ ಅಲೆಯ ಜೊತೆ ಮೇಲೇಳುವ ಕ್ಷಣ ನೋಡಿ ಬಂಡೆಯ ಒಂದು ಚಾಚಿಗೆ ಜಿಗಿಯಬೇಕು; ಆಮೇಲೆ ಗುಡಾರ, ಅಡುಗೆ ಸಾಮಾನು, ತಿಂಗಳುಗಟ್ಟಲೆ ಬೇಕಾಗುವ ಕುಡಿಯುವ ನೀರು ಎಲ್ಲವನ್ನೂ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸಬೇಕು. ದ್ವೀಪದಲ್ಲಿ ತೊಟ್ಟು ಸಿಹಿನೀರಿಲ್ಲ. ಗ್ರಾಂಟ್ ದಂಪತಿ ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳೂ ಜೊತೆಗೆ ಬರುತ್ತಿದ್ದರು. ಬೆಳಗಾಗುವ ಮುಂಚೆ ತೆಳುವಾದ ಬಲೆ ಕಟ್ಟುವುದು, ಬಿದ್ದ ಹಕ್ಕಿಯನ್ನು ಬಿಡಿಸಿ ತೂಗುವುದು, ಕ್ಯಾಲಿಪರ್ ಹಿಡಿದು ಕೊಕ್ಕು ಅಳೆಯುವುದು, ಲೋಹದ ಉಂಗುರದ ಜೊತೆ ಬಣ್ಣಬಣ್ಣದ ಉಂಗುರ ತೊಡಿಸಿ ಬಿಡುವುದು. ಬಣ್ಣಗಳ ಜೋಡಣೆಯಿಂದ ಆಮೇಲೆ ದೂರದರ್ಶಕದಲ್ಲಿ ನೋಡಿಯೇ ಇಂಥದೇ ಹಕ್ಕಿ ಎಂದು ಹೇಳಬಹುದಿತ್ತು. ಮನುಷ್ಯರ ಭಯವೇ ಇಲ್ಲದ ಹಕ್ಕಿಗಳು ಅವರ ತಲೆ, ಭುಜ, ನೋಟ್‌ಬುಕ್ಕಿನ ಮೇಲೆಲ್ಲ ಬಂದು ಕೂರುತ್ತಿದ್ದವು.

1976ರಲ್ಲಿ ಪೀಟರ್ ಬೋಗ್ ಎಂಬ ಸಂಶೋಧನಾ ವಿದ್ಯಾರ್ಥಿ ದ್ವೀಪದ ಹಕ್ಕಿಗಳಿಗೆ ಉಂಗುರ ಹಾಕಿ, ತಂದೆತಾಯಿಯ ಕೊಕ್ಕಿಗೂ ಮರಿಗಳ ಕೊಕ್ಕಿಗೂ ಎಷ್ಟು ಹೊಂದಿಕೆ ಇದೆ ಎಂದು ಅಳೆಯತೊಡಗಿದ್ದರು. ಹೊಂದಿಕೆ ಬಲವಾಗಿತ್ತು: ದಪ್ಪ ಕೊಕ್ಕಿನವಕ್ಕೆ ದಪ್ಪ ಕೊಕ್ಕಿನ ಮರಿಗಳೇ ಆಗುತ್ತಿದ್ದವು. ಇದು ಗೊತ್ತಿರದಿದ್ದರೆ ಮರುವರ್ಷದ ಬರದ ಅರ್ಥ ಅರ್ಧಕ್ಕರ್ಧ ಕೈತಪ್ಪುತ್ತಿತ್ತು. ಬರ ಎಷ್ಟೇ ಹಕ್ಕಿಗಳನ್ನು ಕೊಂದರೂ, ಉಳಿದವುಗಳ ಗುಣ ಮರಿಗಳಿಗೆ ಇಳಿಯದಿದ್ದರೆ ವಂಶದಲ್ಲಿ ಅದರ ಗುರುತು ನಿಲ್ಲುವುದಿಲ್ಲ.

ಬರ ಬಂತು. ಫಿಂಚ್‌ಗಳು ಮೊದಲು ಮೆತ್ತನೆಯ ಸಣ್ಣ ಬೀಜಗಳನ್ನು ತಿಂದು ಮುಗಿಸಿದವು. ಆಮೇಲೆ ಉಳಿದದ್ದರಲ್ಲಿ ಮುಖ್ಯವಾದದ್ದು ಒಂದು ಮುಳ್ಳುಕಾಯಿ. ಕನ್ನಡ ನಾಡಿನ ಒಣಹೊಲಗಳಲ್ಲಿ ಬರಿಗಾಲಲ್ಲಿ ನಡೆದವರಿಗೆಲ್ಲ ಇದರ ಪರಿಚಯವಿದೆ. ನೆಲಕ್ಕೆ ಅಂಟಿ ಹಬ್ಬುವ, ಹಳದಿ ಹೂ ಬಿಡುವ ನಮ್ಮ ನೆಗ್ಗಿಲಿಗೆ ಡ್ಯಾಫ್ನಿಯ ಈ ಗಿಡ ತೀರ ಹತ್ತಿರದ ಬಂಧು. ಎರಡೂ ಟ್ರಿಬ್ಯುಲಸ್ ಎಂಬ ಒಂದೇ ಕುಲದವು. ಕಾಯಿ ಒಣಗಿ ಹೋಳಾಗಿ ಬೀಳುತ್ತದೆ. ಪ್ರತಿ ಹೋಳಿಗೂ ಚೂಪಾದ ಮುಳ್ಳು, ಮರದಂತೆ ಗಟ್ಟಿಯಾದ ಕವಚ, ಒಳಗೆ ಸಾಲಾಗಿ ಕೆಲವೇ ಬೀಜ. ಫಿಂಚ್ ಅದನ್ನು ನೆಲಕ್ಕೋ ಕಲ್ಲಿಗೋ ಒತ್ತಿ ಹಿಡಿದು, ಕೊಕ್ಕಿನ ಪಕ್ಕದಿಂದ ಒಂದು ಮೂಲೆಯನ್ನು ಕಚ್ಚಿ ತಿರುಚಿ ಒಡೆಯುತ್ತದೆ. ಬೀಜ ಒಂದೋ ಎರಡೋ ಸಿಕ್ಕರೆ ತಿಂದು ಮಿಕ್ಕದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಇಷ್ಟು ಮಾಡಲು ಶಕ್ತಿ ಬೇಕು. ಕೊಕ್ಕು 11 ಮಿಲಿಮೀಟರ್ ಉದ್ದವಿದ್ದ ಹಕ್ಕಿಗೆ ಇದು ಸಾಧ್ಯವಾಗುತ್ತಿತ್ತು. ಹತ್ತೂವರೆ ಇದ್ದದ್ದು ಕೈಚೆಲ್ಲುತ್ತಿತ್ತು.

ಅರ್ಧ ಮಿಲಿಮೀಟರ್ ಎಂದರೆ ಕಣ್ಣಿಗೆ ಸುಲಭವಾಗಿ ಗೊತ್ತಾಗದಷ್ಟು ಚಿಕ್ಕ ವ್ಯತ್ಯಾಸ. ಆ ಬರದಲ್ಲಿ ಸಾವುಬದುಕಿನ ಗೆರೆ ಎಳೆದದ್ದು ಅದೇ. ಚಿಕ್ಕ ಕೊಕ್ಕಿನವು, ಮರಿಗಳು, ಹೆಣ್ಣುಗಳು ಹೆಚ್ಚಾಗಿ ಸತ್ತವು. ಹೆಣ್ಣುಗಳು ಸತ್ತದ್ದಕ್ಕೆ ಕಾರಣ ಅವುಗಳ ಮೈ ಮತ್ತು ಕೊಕ್ಕು ಗಂಡುಗಳಿಗಿಂತ ತುಸು ಚಿಕ್ಕದಿರುವುದು. ಬರಕ್ಕೆ ಮುಂಚೆ ಕೊಕ್ಕಿನ ಸರಾಸರಿ ದಪ್ಪ 9.4 ಮಿಲಿಮೀಟರ್ ಇತ್ತು. ಬದುಕಿ ಉಳಿದವುಗಳಲ್ಲಿ ಹತ್ತರ ಹತ್ತಿರ ಹೋಗಿತ್ತು. 1978ರಲ್ಲಿ ಮಳೆ ಬಂದು ಅವು ಗೂಡು ಕಟ್ಟಿದಾಗ ಹುಟ್ಟಿದ ಮರಿಗಳ ಕೊಕ್ಕೂ ಬರಕ್ಕೆ ಮುಂಚಿನ ಪೀಳಿಗೆಗಿಂತ ಸುಮಾರು ನೂರಕ್ಕೆ ನಾಲ್ಕರಷ್ಟು ದಪ್ಪವಾಗಿತ್ತು. ಮನುಷ್ಯನ ಆಯುಷ್ಯದಲ್ಲಿ ಕಾಣಸಿಗದು ಎಂದು ಡಾರ್ವಿನ್ ಭಾವಿಸಿದ್ದ ಬದಲಾವಣೆ ಎರಡೇ ವರ್ಷದೊಳಗೆ ನಡೆದು ಕಾಗದದ ಮೇಲೆ ದಾಖಲಾಗಿತ್ತು. ಬೋಗ್ ಮತ್ತು ಪೀಟರ್ ಗ್ರಾಂಟ್ ಇದನ್ನು 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲಿಗೇ ನಿಲ್ಲಿಸಿದ್ದರೆ ದ್ವೀಪದ ಫಿಂಚ್‌ಗಳು ದಿನೇದಿನೇ ದಪ್ಪ ಕೊಕ್ಕಿನವಾಗುತ್ತ ಹೋಗುತ್ತವೆ ಎಂಬ ಸರಳ ಕಥೆ ಪಠ್ಯಪುಸ್ತಕಗಳಲ್ಲಿ ಉಳಿಯುತ್ತಿತ್ತು. ಎಷ್ಟೋ ಪಠ್ಯಪುಸ್ತಕಗಳು ಇವತ್ತಿಗೂ ಇಲ್ಲಿಗೇ ನಿಲ್ಲಿಸುತ್ತವೆ. ಗ್ರಾಂಟ್ ದಂಪತಿ ನಿಲ್ಲಿಸಲಿಲ್ಲ. ಅವರ ಕೆಲಸದ ನಿಜವಾದ ಬೆಲೆ ಇರುವುದು ಆಮೇಲಿನ ವರ್ಷಗಳಲ್ಲಿ.

1982ರ ಕೊನೆಗೆ ಪೆಸಿಫಿಕ್ ಸಾಗರ ಬಿಸಿಯಾಗಿ, ಆ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲಿ ಒಂದು ಆರಂಭವಾಯಿತು. ಡ್ಯಾಫ್ನಿಯಲ್ಲಿ 1359 ಮಿಲಿಮೀಟರ್ ಮಳೆ ಸುರಿಯಿತು. 24 ಮಿಲಿಮೀಟರ್ ಕಂಡಿದ್ದ ನೆಲ ಅದು. ಬಳ್ಳಿಗಳು ಎಲ್ಲವನ್ನೂ ಮುಚ್ಚಿ ಹಬ್ಬಿದವು. ಪಾಪಾಸುಕಳ್ಳಿಗಳು ಅವುಗಳ ಭಾರಕ್ಕೆ ಕುಸಿದವು. ನೆಗ್ಗಿಲಿನ ಬಂಧು ನೆರಳಿಗೆ ಸಿಕ್ಕಿ ಸೊರಗಿತು. ಫಿಂಚ್‌ಗಳು ಒಂದರ ಹಿಂದೆ ಒಂದರಂತೆ ಮರಿ ಮಾಡಿದವು. ಅದೇ ಋತುವಿನಲ್ಲಿ ಹುಟ್ಟಿದ ಕೆಲವು ಹೆಣ್ಣುಗಳು ಮೂರು ತಿಂಗಳಿಗೇ ತಾವೂ ಗೂಡಿಗಿಳಿದವು. ಮಳೆ ನಿಂತಾಗ ನೆಲದ ತುಂಬ ಇದ್ದದ್ದು ಸಣ್ಣ ಬೀಜಗಳ ರಾಶಿ. 1984 ಮತ್ತು 85ರಲ್ಲಿ ಮತ್ತೆ ಬರ. ಈ ಸಲ ಹೆಚ್ಚು ಸತ್ತವು ದೊಡ್ಡ ಕೊಕ್ಕಿನವು. ಸಣ್ಣ ಬೀಜಗಳನ್ನು ಹೆಕ್ಕುವುದರಲ್ಲಿ ಚುರುಕಾಗಿದ್ದ ಸಣ್ಣ ಕೊಕ್ಕಿನವು ಉಳಿದುಕೊಂಡವು. ಲೈಲ್ ಗಿಬ್ಸ್ ಮತ್ತು ಪೀಟರ್ ಗ್ರಾಂಟ್ 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಬರೆದರು. ಆಯ್ಕೆಯ ದಿಕ್ಕು ತಿರುಗುಮುರುಗಾಗಿತ್ತು.

ಖಂಡದ ಮೇಲೆ ಇಂಥ ಏರಿಳಿತ ಕಾಣುವುದು ಕಷ್ಟ. ಅಲ್ಲಿ ಹಕ್ಕಿಗೆ ಪಕ್ಕದ ಊರಿದೆ. ಬೀಜ ಮುಗಿದರೆ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಬೇರೆ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಹೀಗೆ ಬಂದುಹೋಗುವವರಿಂದಾಗಿ ಒಂದೂರಿನ ಬರದ ಗುರುತು ಅಳಿಸಿಹೋಗುತ್ತದೆ. ದ್ವೀಪದಲ್ಲಿ ಹೋಗಲು ಜಾಗವಿಲ್ಲ. ಸಂಖ್ಯೆ ಚಿಕ್ಕದಿರುವುದರಿಂದ ಒಂದು ಕೆಟ್ಟ ವರ್ಷ ಇಡೀ ಹಕ್ಕಿಸಮೂಹದ ಮೈಕಟ್ಟನ್ನೇ ಬದಲಿಸಬಲ್ಲದು.

ಅದೇ ಎಲ್ ನಿನೋ ಡ್ಯಾಫ್ನಿಗೆ ಒಬ್ಬ ಹೊಸ ನೆರೆಯವನನ್ನೂ ತಂದಿತು. ದೊಡ್ಡ ನೆಲ ಫಿಂಚ್ ಒಣಗಾಲದಲ್ಲಿ ಅತಿಥಿಯಂತೆ ಬಂದು ಹೋಗುವುದು ಮುಂಚೆಯೂ ಇತ್ತು, ಆದರೆ ಅಲ್ಲಿ ಸಂಸಾರ ಹೂಡಿರಲಿಲ್ಲ. 1982ರ ಕೊನೆಗೆ ಎರಡು ಹೆಣ್ಣು, ಮೂರು ಗಂಡು ಅಲ್ಲೇ ಉಳಿದು ಗೂಡು ಕಟ್ಟಿದವು. ಮಧ್ಯಮ ಫಿಂಚ್ ಸುಮಾರು 18 ಗ್ರಾಂ ತೂಗಿದರೆ ಇದು 30 ಗ್ರಾಂ. ಮಧ್ಯಮ ಫಿಂಚ್ ಮೂಲೆ ಕಚ್ಚಿ ತಿರುಚುತ್ತಿದ್ದ ಮುಳ್ಳುಕಾಯಿಯನ್ನು ಇದು ನೇರವಾಗಿ ಒಡೆದು ಒಳಗಿನ ಬೀಜಗಳನ್ನೆಲ್ಲ ಬೇಗಬೇಗ ತಿಂದು ಮುಗಿಸಬಲ್ಲದು. ಮೊದಲು ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಐದು ಹಕ್ಕಿ ಎಷ್ಟು ತಿಂದೀತು? ಇಪ್ಪತ್ತು ವರ್ಷಗಳಲ್ಲಿ ಅವುಗಳ ಸಂತತಿ 350ರ ಹತ್ತಿರ ಬಂತು.

2003ರಲ್ಲಿ ಬರ ಶುರುವಾಯಿತು, 2004ರಲ್ಲೂ ಮಳೆಯಿಲ್ಲ. ಮೇಲುನೋಟಕ್ಕೆ ಎಲ್ಲವೂ 1977ರಂತೆಯೇ. ಸಣ್ಣ ಬೀಜ ಮುಗಿದಿತ್ತು, ಮುಳ್ಳುಕಾಯಿ ಉಳಿದಿತ್ತು. 1977ರ ಲೆಕ್ಕದಂತೆ ದೊಡ್ಡ ಕೊಕ್ಕಿನ ಮಧ್ಯಮ ಫಿಂಚ್‌ಗಳು ಬದುಕಬೇಕಿತ್ತು. ಆದರೆ ಈ ಸಲ ಮುಳ್ಳುಕಾಯಿಯ ಮೇಲೆ ಇನ್ನೊಬ್ಬರ ಹಕ್ಕು ಕೂತಿತ್ತು. ದೊಡ್ಡ ಫಿಂಚ್‌ಗಳು ಅದನ್ನು ಖಾಲಿ ಮಾಡುತ್ತ ಹೋದವು. ಅದನ್ನೇ ನಂಬಿದ್ದ ದೊಡ್ಡ ಕೊಕ್ಕಿನ ಮಧ್ಯಮ ಫಿಂಚ್‌ಗಳು ಹಸಿವಿನಿಂದ ಸತ್ತವು. ಕೊನೆಗೆ ದೊಡ್ಡ ಫಿಂಚ್‌ಗಳಿಗೂ ಕಾಯಿ ಸಾಲದೆ ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಬದುಕಿದ ಮಧ್ಯಮ ಫಿಂಚ್‌ಗಳು ಯಾವುವೆಂದರೆ ದೊಡ್ಡ ಫಿಂಚ್ ಮೂಸಿಯೂ ನೋಡದ ಸಣ್ಣ ಬೀಜಗಳ ಮೇಲೆ ಬದುಕಬಲ್ಲಂಥ ಸಣ್ಣ ಕೊಕ್ಕಿನವು. ಅದುವರೆಗಿನ ಅಧ್ಯಯನದಲ್ಲೇ ಅತಿ ತೀವ್ರವಾದ ಬದಲಾವಣೆ ಅದು. 2006ರಲ್ಲಿ ಗ್ರಾಂಟ್ ದಂಪತಿ ಅದನ್ನು ಪ್ರಕಟಿಸಿದಾಗ ಡೇವಿಡ್ ಲ್ಯಾಕ್ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ನೆರೆಯವನು ಬಂದರೆ ಕೊಕ್ಕು ದೂರ ಸರಿಯುತ್ತದೆ ಎಂದು ಅವರು ವಸ್ತುಸಂಗ್ರಹಾಲಯದ ಹಕ್ಕಿಗಳನ್ನು ನೋಡಿ ಊಹಿಸಿದ್ದು, ಜೀವಂತ ಹಕ್ಕಿಗಳಲ್ಲಿ, ವರ್ಷ ತಿಂಗಳುಗಳ ಲೆಕ್ಕದ ಸಮೇತ ನಡೆದು ತೋರಿಸಿತ್ತು.

ಎರಡೂ ಬರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಈ ಚರಿತ್ರೆಯ ತಿರುಳು ಕಾಣುವುದು. ದ್ವೀಪ ಅದೇ, ಗಿಡ ಅದೇ, ಹಕ್ಕಿ ಅದೇ, ಹಸಿವೂ ಅದೇ. ಪಕ್ಕದಲ್ಲಿ ಯಾರಿದ್ದಾರೆ ಎಂಬುದೊಂದೇ ಬೇರೆ, ಫಲಿತಾಂಶ ಪೂರ್ತಿ ಉಲ್ಟಾ. ಒಂದು ಜೀವಿಯ ನೆಲೆ ಅದರ ಕೊಕ್ಕಿನಲ್ಲಿ ಬರೆದಿಟ್ಟದ್ದಲ್ಲ. ಮಳೆಯೂ ನೆರೆಹೊರೆಯೂ ಸೇರಿ ಅದನ್ನು ಮತ್ತೆಮತ್ತೆ ಹೊಸದಾಗಿ ಗೊತ್ತುಮಾಡುತ್ತವೆ.

ಕೊಕ್ಕಿನ ಈ ಬದಲಾವಣೆಗಳ ಹಿಂದಿನ ವಂಶವಾಹಿಗಳೂ ಆಮೇಲೆ ಸಿಕ್ಕವು. ದ್ವೀಪದಲ್ಲಿ ಹಕ್ಕಿಗಳಿಂದ ವರ್ಷವರ್ಷ ತೆಗೆದಿಟ್ಟಿದ್ದ ಒಂದೊಂದು ಹನಿ ರಕ್ತವನ್ನು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ ಪರೀಕ್ಷಿಸಿತು. 2015ರಲ್ಲಿ ಕೊಕ್ಕಿನ ಆಕಾರಕ್ಕೆ ಸಂಬಂಧಿಸಿದ ಎಎಲ್‌ಎಕ್ಸ್1, 2016ರಲ್ಲಿ ಗಾತ್ರಕ್ಕೆ ಸಂಬಂಧಿಸಿದ ಎಚ್‌ಎಂಜಿಎ2 ಎಂಬ ವಂಶವಾಹಿಗಳು ಬೆಳಕಿಗೆ ಬಂದವು. 2003-05ರ ಬರದಲ್ಲಿ ಬದುಕಿದ ಹಕ್ಕಿಗಳಲ್ಲಿ ಎರಡನೆಯದರ ಸಣ್ಣ ಕೊಕ್ಕಿನ ರೂಪವೇ ಹೆಚ್ಚಾಗಿತ್ತು.

ಅದೇ ರಕ್ತದ ಹನಿಗಳಿಂದ ಇನ್ನೊಂದು ಒಗಟೂ ಬಿಡಿಸಿಕೊಂಡಿತು. 1981ರಲ್ಲಿ ಡ್ಯಾಫ್ನಿಗೆ ಒಂದು ಅಪರಿಚಿತ ಗಂಡು ಹಕ್ಕಿ ಹಾರಿಬಂದಿತ್ತು. ಮಧ್ಯಮ ಫಿಂಚ್‌ಗಿಂತ ಎಷ್ಟೋ ದೊಡ್ಡದು, ತಲೆಯೂ ದಪ್ಪ, ಹಾಡೂ ಬೇರೆ. ಅದಕ್ಕೆ ತೊಡಿಸಿದ ಉಂಗುರದ ಸಂಖ್ಯೆ 5110. ಬಂದದ್ದು ಆಗ್ನೇಯಕ್ಕೆ ನೂರು ಕಿಲೋಮೀಟರಿಗೂ ದೂರದ ಎಸ್ಪಾನ್ಯೊಲಾ ದ್ವೀಪದಿಂದ ಎಂದು ಗೊತ್ತಾಗಲು ಮೂರೂವರೆ ದಶಕ ಬೇಕಾಯಿತು. ತನ್ನ ಜಾತಿಯ ಹೆಣ್ಣು ಅಲ್ಲಿ ಇರಲಿಲ್ಲ. ಮಧ್ಯಮ ಫಿಂಚ್ ಹೆಣ್ಣುಗಳ ಜೊತೆ ಕೂಡಿತು. ಫಿಂಚ್‌ಗಳಲ್ಲಿ ಗಂಡುಮರಿ ಹಾಡು ಕಲಿಯುವುದು ಅಪ್ಪನಿಂದ. 5110ರ ಮಕ್ಕಳು ಮೊಮ್ಮಕ್ಕಳು ಅಪ್ಪನ ಪರದೇಶದ ಹಾಡನ್ನೇ ಹಾಡಿದವು. ಸ್ಥಳೀಯ ಹೆಣ್ಣುಗಳಿಗೆ ಆ ಹಾಡು ಹಿಡಿಸಲಿಲ್ಲ. 2003-05ರ ಬರ ಮುಗಿದಾಗ ಈ ವಂಶದಲ್ಲಿ ಉಳಿದದ್ದು ಎರಡೇ ಹಕ್ಕಿ, ಒಡಹುಟ್ಟಿದ ಅಣ್ಣತಂಗಿ. ಅವೇ ಜೋಡಿಯಾದವು. ಅಲ್ಲಿಂದ ಮುಂದೆ ಈ ವಂಶದ ಹಕ್ಕಿಗಳು ತಮ್ಮತಮ್ಮಲ್ಲೇ ಕೂಡಿ ಬೆಳೆದವು. ಕೊಕ್ಕಿನಲ್ಲಿ ಮಧ್ಯಮ ಫಿಂಚ್‌ಗೂ ದೊಡ್ಡ ಫಿಂಚ್‌ಗೂ ನಡುವಿನ ಒಂದು ಜಾಗವನ್ನು ಹಿಡಿದು, ಹೊಸ ಪ್ರಭೇದವೊಂದರ ಲಕ್ಷಣಗಳನ್ನೆಲ್ಲ ತೋರಿದವು. ನೇಪಾಳ ಮೂಲದ ವಿಜ್ಞಾನಿ ಸಂಗೀತ್ ಲಾಮಿಛಾನೆ ಮೊದಲ ಲೇಖಕರಾಗಿದ್ದ ಪ್ರಬಂಧ ಇದನ್ನು 2017ರ ಕೊನೆಗೆ ಜಗತ್ತಿಗೆ ತಿಳಿಸಿತು.

ಗ್ರಾಂಟ್ ದಂಪತಿಯ ವರ್ಷವರ್ಷದ ಅಧ್ಯಯನ 2012ಕ್ಕೆ ಮುಗಿಯಿತು. ಇಬ್ಬರೂ 1936ರಲ್ಲಿ ಹುಟ್ಟಿದವರು. ನಲವತ್ತು ತುಂಬುವ ಮುಂಚೆ ಮೊದಲ ಸಲ ಜಿಗಿದಿದ್ದ ಅದೇ ಬಂಡೆಯ ಚಾಚಿಗೆ ಎಪ್ಪತ್ತು ದಾಟಿದ ಮೇಲೂ ಜಿಗಿದಿದ್ದರು. 2009ರಲ್ಲಿ ಅವರಿಗೆ ಜಪಾನಿನ ಕ್ಯೋಟೋ ಪ್ರಶಸ್ತಿ ಬಂತು. ನಾಲ್ಕು ದಶಕದ ಲೆಕ್ಕವನ್ನೆಲ್ಲ 2014ರಲ್ಲಿ ಒಂದು ಪುಸ್ತಕವಾಗಿ ಕೊಟ್ಟರು. ಇಷ್ಟು ದೀರ್ಘಕಾಲ, ಇಷ್ಟು ನಿಷ್ಠೆಯಿಂದ, ಕೊಕ್ಕಿನ ಅಳತೆಯಂಥ ಬೇಸರದ ಕೆಲಸವನ್ನು ಬಿಡದೆ ಮಾಡಿದ್ದಕ್ಕೇ ಈ ಕಥೆ ನಮಗೆ ಸಿಕ್ಕಿತು. ಮೂರು ವರ್ಷದ ಅನುದಾನಕ್ಕೆ ಕಟ್ಟುಬಿದ್ದ ಸಂಶೋಧನೆಯಾಗಿದ್ದರೆ 1977 ಸಿಗುತ್ತಿತ್ತೇನೋ, 2004 ಖಂಡಿತ ಸಿಗುತ್ತಿರಲಿಲ್ಲ.

ಡ್ಯಾಫ್ನಿಯಲ್ಲಿ ಮನುಷ್ಯ ವಾಸವಿಲ್ಲ. ಪಕ್ಕದ ಸಾಂತಾ ಕ್ರೂಜ್‌ನಲ್ಲಿ ಇದ್ದಾನೆ. ಅಲ್ಲಿನ ಅಕಾಡೆಮಿ ಕೊಲ್ಲಿಯ ದಡದಲ್ಲಿ ಪುಯೆರ್ತೊ ಅಯೋರಾ ಎಂಬ ಪಟ್ಟಣ ಬೆಳೆದಿದೆ. ಇಂದು ಹತ್ತು ಸಾವಿರಕ್ಕೂ ಹೆಚ್ಚು ಜನ. 1960ರ ದಶಕದಲ್ಲಿ ಅದಿನ್ನೂ ಚಿಕ್ಕ ಹಳ್ಳಿಯಾಗಿದ್ದಾಗ ಅಲ್ಲಿನ ಮಧ್ಯಮ ಫಿಂಚ್‌ಗಳನ್ನು ಅಳೆದವರಿಗೆ ಎರಡು ಸ್ಪಷ್ಟ ಗುಂಪುಗಳು ಕಂಡಿದ್ದವು: ದೊಡ್ಡ ಕೊಕ್ಕಿನವು, ಸಣ್ಣ ಕೊಕ್ಕಿನವು. ನಡುವಿನ ಗಾತ್ರದವು ವಿರಳ. ಒಂದು ಗುಂಪಿಗೆ ಗಟ್ಟಿ ಬೀಜ, ಇನ್ನೊಂದಕ್ಕೆ ಮೆತ್ತನೆಯವು. ನಡುವಿನವಕ್ಕೆ ಎರಡರಲ್ಲೂ ಹಿಡಿತವಿಲ್ಲ. ಒಂದೇ ಪ್ರಭೇದ ಎರಡಾಗಿ ಕವಲೊಡೆಯುವ ಹಾದಿಯಲ್ಲಿತ್ತು. ಆಂಡ್ರ್ಯೂ ಹೆಂಡ್ರಿ ಮತ್ತು ಸಂಗಡಿಗರು ಹಳೆಯ ಮತ್ತು ಹೊಸ ಅಳತೆಗಳನ್ನು ಹೋಲಿಸಿ 2006ರಲ್ಲಿ ಪ್ರಕಟಿಸಿದ ಪ್ರಕಾರ, ಊರು ಬೆಳೆದಂತೆ ಆ ಎರಡು ಗುಂಪುಗಳ ನಡುವಿನ ಕಂದರ ತುಂಬಿಹೋಗಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ, ಹೋಟೆಲಿನ ಮೇಜಿನ ಮೇಲಿನ ಬ್ರೆಡ್ಡಿನ ಚೂರು, ಬಿಸ್ಕತ್ತಿನ ಪುಡಿ ಯಾವ ಕೊಕ್ಕಿಗೂ ದಕ್ಕುತ್ತವೆ. ಎಲ್ಲರಿಗೂ ಒಂದೇ ಊಟ ಸಿಕ್ಕಾಗ ಬೇರೆಬೇರೆ ಕೊಕ್ಕಿಗೆ ಅರ್ಥ ಉಳಿಯುವುದಿಲ್ಲ, ನಡುವಿನವೂ ಆರಾಮಾಗಿ ಬದುಕುತ್ತವೆ.

ಹಕ್ಕಿಗೆ ಕಾಳು ಹಾಕುವುದು ಪುಣ್ಯದ ಕೆಲಸವೆಂದು ನಂಬಿದ ನಾಡಿನವರಿಗೆ ಈ ಮಾತು ಕಟುವಾಗಿ ಕೇಳಿಸಬಹುದು. ಆದರೆ ಲಕ್ಷಾಂತರ ವರ್ಷ ಕಡಲ ನಡುವೆ ತಮ್ಮಷ್ಟಕ್ಕೆ ತಾವೇ ಪಾಲು ಹಂಚಿಕೊಂಡು ಬಂದ ಹಕ್ಕಿಗಳ ವಿಷಯದಲ್ಲಿ ಇದು ನಿಜ. ಪುಯೆರ್ತೊ ಅಯೋರಾದಿಂದ ಕೆಲವೇ ಕಿಲೋಮೀಟರ್ ಆಚೆ, ಜನವಸತಿಯಿಲ್ಲದ ಎಲ್ ಗರಪತೇರೊ ಎಂಬ ಕಡೆ ಅದೇ ಮಧ್ಯಮ ಫಿಂಚ್‌ನ ಎರಡು ಗುಂಪುಗಳು ಇನ್ನೂ ಬೇರೆಬೇರೆಯಾಗಿಯೇ ಕಂಡಿವೆ. ಗಲಪಗೋಸ್ ರಾಷ್ಟ್ರೀಯ ಉದ್ಯಾನದ ನಿಯಮಗಳಲ್ಲಿ ಪ್ರಾಣಿಪಕ್ಷಿಗಳಿಗೆ ಏನನ್ನೂ ತಿನ್ನಿಸಬಾರದು ಎಂಬುದೂ ಒಂದು. ಮುಂದೆಂದಾದರೂ ಆ ದ್ವೀಪಗಳಿಗೆ ಹೋಗುವ ಓದುಗರು ಉಳಿದ ಯಾವ ನಿಯಮ ಮರೆತರೂ ಇದೊಂದನ್ನು ಮರೆಯದಿರಲಿ.